ಒಂದು ಕೆಮ್ಮು, ಒಂದು ‘ಬರ್ತೀನಿ’, ಒಂದು ಚಿಲಕ

ಮೊದಲು ನೆನಪಾಗುವುದು ಚಿಲಕದ ಸದ್ದು. ಮಾನ್ವಿಯ ನಮ್ಮ ಮನೆಯ ಗೇಟಿಗೆ ಹಳೆಯ ಕಬ್ಬಿಣದ ಚಿಲಕ. ಬಿದ್ದರೆ ‘ಟಣಕ್’ ಅನ್ನುತ್ತದೆ, ಅದರ ಗುಂಯ್‌ಗುಡುವಿಕೆ ಆಮೇಲೂ ಸ್ವಲ್ಪ ಹೊತ್ತು ಕಂಬಿಗಳಲ್ಲಿ ಉಳಿಯುತ್ತದೆ. ಮನೆಯಿಂದ ಒಬ್ಬರು ಹೊರಗೆ ಹೋದರೆ ಒಂದು ಸಲ ಟಣಕ್ ಅನ್ನಬೇಕು, ಅಷ್ಟೆ. ಆ ವರ್ಷ ಹಾಗಿರಲಿಲ್ಲ. ಟಣಕ್. ತುಸು ನಿಶ್ಶಬ್ದ. ಮತ್ತೆ ಟಣಕ್. ಒಳಗೆ ಕುರ್ಚಿಯಲ್ಲಿ ಕೂತು ನಾನು ಎಣಿಸುತ್ತಿದ್ದೆ. ಐದು, ಆರು, ಏಳು. ಹೋದದ್ದು ಒಬ್ಬನೇ ಮಗ. ಗೇಟು ಮಾತ್ರ ಏಳು ಜನ ಹೋದ ಹಾಗೆ ಸದ್ದು ಮಾಡುತ್ತಿತ್ತು.

ಇದು ನನ್ನ ಮೊಮ್ಮಗಳು ಭೂಮಿಕಾಳ ಕಾಯಿಲೆಯ ಕಥೆ. ಆಗ ಅವಳಿಗೆ ಹದಿಮೂರು. ಈಗ ಹದಿನಾರು. ಬರೆಯಲೇ ಎಂದು ಅವಳನ್ನು ಕೇಳಿದೆ. “ಬರಿ ಅಜ್ಜಿ. ಆದ್ರ ಬರೇ ಹುಚ್ಚಿ ಅಂತ ಬರೀಬ್ಯಾಡ, ಗಣಿತದಾಗ ಔಟ್ ಆಫ್ ಔಟ್ ತಗೋತಿದ್ಲು ಅಂತನೂ ಹಾಕು” ಅಂದಳು. ಹಾಕಿದ್ದೇನೆ. ಆದರೆ ಅವಳ ಕಥೆ ಬರೆಯಲು ಕೂತರೆ ನನ್ನದೂ ಹೇಳದೆ ಮುಂದೆ ಹೋಗುವುದಿಲ್ಲ. ಕಾಯಿಲೆ ಅವಳದು. ಅದಕ್ಕೆ ದನಿ ಕೊಟ್ಟವಳು ನಾನು.

ನಾನು ಓದಿದ್ದು ಸಿಕಂದರಾಬಾದಿನ ಒಂದು ಕಾನ್ವೆಂಟ್ ಬೋರ್ಡಿಂಗಿನಲ್ಲಿ. ಇಂಗ್ಲಿಷ್ ಇನ್ನೂ ನಾಲಿಗೆ ಬಿಟ್ಟಿಲ್ಲ, ಮನೆಯವರು ನಗುತ್ತಾರೆ. ಅಪ್ಪ ಬಿಟ್ಟು ಹೊರಡುವಾಗ ನಾವು ಹುಡುಗಿಯರು ಗೇಟಿನ ಹತ್ತಿರ ನಿಂತು “ಬೈ ಬೈ” ಎಂದು ಕೈ ಬೀಸುತ್ತಿದ್ದೆವು. ಆ ಮಾತಿಗೆ ಭಾರವೇ ಇರಲಿಲ್ಲ. ಮದುವೆಯಾಗಿ ಮಾನ್ವಿಗೆ ಬಂದ ಮೇಲೆ ಒಂದು ದಿನ ತವರಿಗೆ ಹೊರಟು, ಸಹಜವಾಗಿ, “ನಾ ಹೋಗ್ತೀನ್ರಿ ಅತ್ತಿ” ಅಂದೆ. ಅತ್ತೆ ಓಡಿ ಬಂದು ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದರು. “ಹಂಗನ್ನಬಾರದವ್ವಾ! ಬರ್ತೀನಿ ಅನ್ನು.” ತುಟಿಗೆ ಹತ್ತಿದ ಜೋಳದ ಹಿಟ್ಟಿನ ರುಚಿ ಈಗಲೂ ನೆನಪಿದೆ. ಅಂದಿನಿಂದ ಆ ಮನೆಯ ಹೊಸ್ತಿಲಲ್ಲಿ ಯಾರೂ ‘ಹೋಗ್ತೀನಿ’ ಅಂದದ್ದು ಬಹಳ ವರ್ಷ ನಾನು ಕೇಳಲಿಲ್ಲ. ಈ ಕಡೆ ಯಾರ ಮನೆಯಲ್ಲಿ ಕೇಳಿದ್ದೀರಿ ಹೇಳಿ?

ನನ್ನ ಯಜಮಾನರು ಹೈಸ್ಕೂಲ್ ಹೆಡ್‌ಮಾಸ್ತರಾಗಿ ರಿಟೈರ್ ಆದವರು. ಊರಿಗೆಲ್ಲ ಮಾಸ್ತರು, ಹಾಗಾಗಿ ನನಗೂ ಮಾಸ್ತರೇ. ಭೂಮಿಗೆ ಹತ್ತು ವರ್ಷವಿದ್ದಾಗ ಒಂದು ಬೆಳಿಗ್ಗೆ ಅವರು ತಮ್ಮ ಹುಟ್ಟೂರು ಅರಕೇರಾಕ್ಕೆ ಹೊರಟರು, ತಮ್ಮನ ಮಗ ಹೊಸ ಮನೆ ಕಟ್ಟಿಸಿದ್ದ. ದೇವದುರ್ಗದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರು. ಅರಕೇರಾ ಬಂತು, ಅವರು ಇಳಿಯಲಿಲ್ಲ. ವಯಸ್ಸಾದವರು, ಕಣ್ಣು ಹತ್ತಿರಬೇಕು ಎಂದು ಕಂಡಕ್ಟರ್ ಸುಮ್ಮನಾದ. ದೇವದುರ್ಗ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಎಬ್ಬಿಸಲು ಹೋದರೆ, ತೊಡೆಯ ಮೇಲಿನ ಬೇಸನ್ ಉಂಡಿಯ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದರಂತೆ. ಟಿಕೆಟ್ಟು ಅರಕೇರಾದ್ದು. ಹುಟ್ಟಿದ ಊರನ್ನು ಅವರು ಜೀವವಿದ್ದು ದಾಟಿದರೋ ಇಲ್ಲದೆ ದಾಟಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವರನ್ನು ಅಂಗಳದಲ್ಲಿ ಮಲಗಿಸಿದಾಗ ಹೆಂಗಸರು ಹಾಡಿಕೊಂಡು ಅತ್ತರು. ನನಗೆ ಹಾಗೆ ಅಳಲು ಬರುವುದಿಲ್ಲ. ಕಾನ್ವೆಂಟಿನಲ್ಲಿ ಕರ್ಚೀಫಿನಲ್ಲಿ ಅಳುವುದನ್ನು ಕಲಿಸುತ್ತಾರೆ. ಆದರೆ ಆ ಗದ್ದಲದಲ್ಲಿ ನನ್ನ ಬಾಯಿಂದಲೂ ಒಂದು ಸಾಲು ಬಂದುಬಿಟ್ಟಿತು: “ಹೋಗ್ತೀನಿ ಅಂದು ಹೋದಿರಲ್ರೀ, ಬರ್ತೀನಿ ಅನಲಿಲ್ಲಲ್ರೀ!” ಹೆಂಗಸರು ಇನ್ನೂ ಜೋರಾಗಿ ಅತ್ತರು. ಮೊದಲ ಸಲ ನಾನು ಅವರಲ್ಲಿ ಒಬ್ಬಳಾದಂತೆ ಅನ್ನಿಸಿತು, ಮತ್ತೆ ಮತ್ತೆ ಅದನ್ನೇ ಹೇಳಿದೆ.

ಅದು ಸುಳ್ಳು. ಅವರು ‘ಬರ್ತೀನಿ’ ಅಂದೇ ಹೋಗಿದ್ದರು. ಅಳುವ ಹೊತ್ತಿನ ಮಾತನ್ನು ಯಾರು ತೂಗಿ ನೋಡುತ್ತಾರೆ? ಬಾಗಿಲ ಹಿಂದೆ ನಿಂತಿದ್ದ ಭೂಮಿ ನೋಡಿದಳು.

ಮೂರು ವರ್ಷ ಆ ಮಾತು ಅವಳೊಳಗೆ ಎಲ್ಲಿತ್ತೋ. ಎಂಟನೇ ಕ್ಲಾಸಿನಲ್ಲಿ ಶುರುವಾಯಿತು. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆದ ನನ್ನ ಮಗ ಪ್ರಕಾಶ ಬೆಳಿಗ್ಗೆ ಸ್ಕೂಟರ್ ತೆಗೆಯುವಾಗ, “ಪಪ್ಪಾ, ಬರ್ತೀನಿ ಅಂದಿಲ್ಲ ನೀ” ಎನ್ನುವಳು. “ಬರ್ತೀನವ್ವಾ” ಅಂತಿದ್ದ. ಹೌ ಸ್ವೀಟ್, ಎಷ್ಟು ಸಂಸ್ಕಾರ, ಎಂದು ನಾನೇ ಹೆಮ್ಮೆಪಟ್ಟೆ. ಆಮೇಲೆ, “ಸರಿಯಾಗಿ ಅನ್ನು.” ಆಮೇಲೆ, “ಒಳಗ ಬಂದು ಹೊಸ್ತಿಲದಿಂದ ಅನ್ನು.” ಆಮೇಲೆ ಚಿಲಕ ಹಾಕಿದವನನ್ನು ಮತ್ತೆ ಕರೆದು, ಮೊದಲಿನಿಂದ.

ಹಾಗೆ ಕೇಳುವಾಗ ಅವಳು ನಮ್ಮ ಮುಖ ನೋಡುತ್ತಿರಲಿಲ್ಲ. ನಮ್ಮ ಭುಜದ ಆಚೆ, ತುಸು ಹಿಂದೆ ನೋಡುತ್ತಿದ್ದಳು. ಅಲ್ಲಿ ಯಾರೋ ನಿಂತು ಪಾಸೋ ಫೇಲೋ ಹೇಳುತ್ತಿರುವ ಹಾಗೆ. ಒಂದು ಸಲ ನಾನು ತಿರುಗಿ ನೋಡಿದ್ದೂ ಉಂಟು. ಗೋಡೆ, ಕ್ಯಾಲೆಂಡರು, ಅದರ ಮೇಲೆ ಒಂದು ಹಲ್ಲಿ.

ಓಣಿಯವರು ತಲೆಗೊಂದು ಹೇಳಿದರು. “ಅಜ್ಜ ಬಂದು ಕುಂತಾನ್ರಿ ಹುಡುಗಿ ಮ್ಯಾಲ” ಅಂದಳು ಪಕ್ಕದ ಮನೆಯ ಕಾಶಮ್ಮ. ನಾನ್‌ಸೆನ್ಸ್ ಅಂದೆ, ಅಂದು ಮರುವಾರವೇ ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಕರೆದೊಯ್ದೆ. ಕಾಯಿ ಒಡೆಸಿದ್ದಾಯಿತು. ಹೊರಡುವಾಗ ಭೂಮಿ ನಿಂತುಬಿಟ್ಟಳು, ದೇವಿಗೆ ‘ಬರ್ತೀವಿ’ ಅಂದದ್ದು ಸರಿಯಾಗಲಿಲ್ಲವಂತೆ. ಮಟಮಟ ಬಿಸಿಲಿನಲ್ಲಿ ಮೆಟ್ಟಿಲು ಇಳಿಯುವುದು, ಹತ್ತುವುದು. ಕೆಳಗೆ ಮೂರು ಬಸ್ಸು ಹೋದವು. ದೀಪದ ಎಣ್ಣೆ ಮಾರುತ್ತಿದ್ದ ಮುದುಕಿ ನೋಡೀ ನೋಡೀ ಕೊನೆಗೆ ನನ್ನನ್ನು ಕರೆದಳು. “ಯಮ್ಮಾ, ತಾಯಿಗೆ ಒಮ್ಮಿ ಹೇಳಿದ್ರ ಕೇಳಸ್ತದ, ಆಕಿ ಕಿವಿ ಚಲೋ ಅದಾವ. ಈ ಕೂಸಿಗೆ ಗುಡಿ ಬ್ಯಾಡ್ರಿ, ದವಾಖಾನಿಗೆ ಒಯ್ರಿ.” ಕಾನ್ವೆಂಟಿನಲ್ಲಿ ಓದಿದ ನಾನು ಅವಳ ಮಾತು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ತಿಂಗಳು ಉಳಿಯುತ್ತಿದ್ದವು.

ಕೇಳುವ ಬದಲು ಏನು ಮಾಡಿದೆ? ನಿಜ ಹೇಳಿದೆ. ಒಂದು ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅಜ್ಜ ಬರ್ತೀನಿ ಅಂದೇ ಹೋಗಿದ್ರು ಭೂಮಿ. ನಾನೇ ಅಳುವಾಗ ತಪ್ಪು ಹೇಳಿದೆ. ಸೋ ಯು ಸೀ, ಆ ಮಾತಿಗೂ ಸಾವಿಗೂ ಏನೂ ಸಂಬಂಧ ಇಲ್ಲ” ಅಂದೆ.

ಅವಳು ಕೇಳಿದಳು: “ಹೆಂಗ ಅಂದ್ರು?”

“ಅಂದ್ರ?”

“ಯಾವ ದನಿಲೆ? ಅಂದು ತೋರಿಸು.”

ತೋರಿಸಿದೆ. ಮೊದಲು ಅವರದೊಂದು ಸಣ್ಣ ಕೆಮ್ಮು. ಆಮೇಲೆ ಮೂಗಿನಲ್ಲಿ ಎಳೆದು, “ಬ...ರ್ತೀನಿ.” ಆಮೇಲೆ ಚಿಲಕ. ನಾಟಕದಲ್ಲಿ ನಾನು ಯಾವಾಗಲೂ ಮುಂದು, ಸ್ಕೂಲಿನ ಕನ್ಸರ್ಟಿನಲ್ಲಿ ಬಹುಮಾನ ತೆಗೆದುಕೊಂಡವಳು. ಅವಳ ಕಣ್ಣು ಅಗಲವಾದವು. ಸಮಾಧಾನವಾಯಿತು ಎಂದು ತಿಳಿದೆ.

ಮರುದಿನದಿಂದ ಅವಳಿಗೆ ಬರೀ ‘ಬರ್ತೀನಿ’ ಸಾಲಲಿಲ್ಲ. ಅಜ್ಜ ಒಂದೇ ಸಲ ಅಂದಿದ್ದಕ್ಕೆ ಹೋದರು, ಹಾಗಾಗಿ ಅವರ ದನಿಯಲ್ಲೇ ಅಂದು, ಅವರು ಬಿಟ್ಟದ್ದನ್ನು ನಾವು ಪೂರ್ತಿ ಮಾಡಬೇಕು. ಇದು ಕಾಯಿಲೆಯ ಲೆಕ್ಕ. ಯಾವ ನಿಜ ಕೊಟ್ಟರೂ ಅದನ್ನು ಅರೆದು ತನಗೆ ಬೇಕಾದ ಹಿಟ್ಟು ಮಾಡಿಕೊಳ್ಳುತ್ತದೆ.

ಹೀಗೆ ನಮ್ಮ ಮನೆಯಲ್ಲಿ ಸತ್ತವರ ದನಿ ಶುರುವಾಯಿತು. ಬೆಳಿಗ್ಗೆ ಎಂಟೂವರೆಗೆ ಪ್ರಕಾಶ ಹೊಸ್ತಿಲಲ್ಲಿ ನಿಂತು ಅವರಪ್ಪನ ಹಾಗೆ ಕೆಮ್ಮಿ, ಅವರ ಹಾಗೆ ಎಳೆದು, ಚಿಲಕ ಹಾಕಿದ. ಒಂಬತ್ತಕ್ಕೆ ಸೊಸೆ ಗಿರಿಜಾ ಶಾಲೆಗೆ ಹೊರಟಳು, ಅವಳು ಟೀಚರು. ಅವಳೂ ಗಂಡುದನಿ ಮಾಡಿ ಮಾವನವರ ಹಾಗೆ ಕೆಮ್ಮಿದಳು. ಮೊದಲ ದಿನ ನಾಚಿಕೊಂಡು ನಕ್ಕಳು. ಆಮೇಲೆ ನಗಲಿಲ್ಲ. ತರಕಾರಿ ಮಾರುವ ಬೀಬಿಯನ್ನೂ ಬಿಡಲಿಲ್ಲ. “ಕ್ಯಾ ಅಮ್ಮಾ, ಮಾಸ್ತರ್ ಸಾಬ್ ಕೂ ಚಿಡಾತೆ ಕ್ಯಾ?” ಎಂದಳು, ಸತ್ತವರನ್ನು ಅಣಕಿಸುತ್ತಿದ್ದೇವೆಂದು ಹೆದರಿ ಅವಳು ಗೇಟಿನ ಒಳಗೆ ಬರುವುದನ್ನೇ ಬಿಟ್ಟಳು. ಬೀದಿಯಿಂದಲೇ ಬದನೆಕಾಯಿ ಕೊಟ್ಟು ಹೋಗುತ್ತಿದ್ದಳು.

ಈಗ ನಾನು ಯಾರಿಗೂ ಹೇಳದ ಸಂಗತಿ. ನನಗೆ ಅದು ಬೇಕಾಗಿತ್ತು. ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತರೆ ಮೂರು ವರ್ಷದ ಹಿಂದೆ ಬಸ್ಸಿನಲ್ಲಿ ಹೋದವರು ದಿನಾ ಬೆಳಿಗ್ಗೆ ನಮ್ಮ ಹೊಸ್ತಿಲಲ್ಲಿ ಕೆಮ್ಮುತ್ತಿದ್ದರು. ಪ್ರಕಾಶನ ದನಿ ವಾರವಾರಕ್ಕೂ ಪಕ್ವವಾಗುತ್ತಿತ್ತು, ಭೂಮಿ ತಿದ್ದುತ್ತಿದ್ದಳು. “ಅಷ್ಟು ದಪ್ಪ ಬ್ಯಾಡ ಪಪ್ಪಾ, ಅಜ್ಜಿ, ನೀ ಹೇಳು.” ನಾನು ಹೇಳುತ್ತಿದ್ದೆ. ಎಂಟೂವರೆಗಾಗಿ ಕಾಯುತ್ತಿದ್ದೆ. ಟಣಕ್ ಟಣಕ್ ಎಂದು ಏಳು ಸಲ ಗೇಟು ಬಡಿದಾಗ, ಮಗ ಕೆಲಸಕ್ಕೆ ತಡವಾಗುತ್ತಿದ್ದಾನೆ ಎಂಬ ಚಿಂತೆಯ ಕೆಳಗೆ ಇನ್ನೊಂದು ಸಲ, ಇನ್ನೊಂದು ಸಲ ಎಂಬ ಆಸೆಯೂ ಇತ್ತು. ದೇವರು ಕ್ಷಮಿಸಲಿ.

ಏಪ್ರಿಲ್ ಬಂತು. ನಮ್ಮ ಕಡೆಯ ಏಪ್ರಿಲ್. ಭೂಮಿ ಶಾಲೆ ಬಿಟ್ಟಿದ್ದಳು, ಅವಳೇ ಹೊರಟರೆ ಉಳಿದವರನ್ನು ಯಾರು ಕಾಯುವುದು? ಹೋದವರು ಬರುವ ತನಕ ಗೇಟಿನ ಹತ್ತಿರ ನಿಂತಿರುತ್ತಿದ್ದಳು, ಬಿಸಿಲಿಗೆ ಕಾದ ಚಿಲಕದ ಮೇಲೆ ಕೈ ಇಟ್ಟುಕೊಂಡು. ಒಂದು ಮಧ್ಯಾಹ್ನ ಅಲ್ಲಿಂದ ಮಾಸ್ತರ ಕೆಮ್ಮು ಕೇಳಿಸಿತು. ಸ್ಪಷ್ಟವಾಗಿ. ಪ್ರಕಾಶ ಇಷ್ಟು ಬೇಗ ಬಂದನೇ ಎಂದು ಎದ್ದು ಹೋದೆ. ಪ್ರಕಾಶ ಇರಲಿಲ್ಲ. ಭೂಮಿ ಬಿಸಿಲಿನಲ್ಲಿ ನಿಂತು, ಕಣ್ಣು ಅರ್ಧ ಮುಚ್ಚಿ, ಅಜ್ಜನ ದನಿಯಲ್ಲಿ “ಬ...ರ್ತೀನಿ, ಬ...ರ್ತೀನಿ” ಅನ್ನುತ್ತಿದ್ದಳು. ತುಟಿ ಒಡೆದಿತ್ತು. ನಾನು ಮುಟ್ಟುವುದರೊಳಗೆ ಬಿದ್ದಳು. ಅವಳ ಅಂಗೈಯಲ್ಲಿ ಚಿಲಕದ ಗುರುತು ಸುಟ್ಟು ಮೂಡಿತ್ತು.

ಮಾನ್ವಿಯ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಅಲ್ಲಿದ್ದ ಯುವ ಡಾಕ್ಟರು ಅವಳ ಅಲುಗುವ ತುಟಿಯನ್ನೇ ಸ್ವಲ್ಪ ಹೊತ್ತು ನೋಡಿ, “ಇದು ಬರೇ ಬಿಸಲಿಂದಲ್ಲ. ರಾಯಚೂರಿಗೆ ಕರಕೊಂಡು ಹೋಗ್ರಿ” ಎಂದು ಚೀಟಿ ಬರೆದುಕೊಟ್ಟರು.

ರಾಯಚೂರಿನ ಆ ಆಸ್ಪತ್ರೆಯಲ್ಲಿ ಮಕ್ಕಳ ಮನೋರೋಗಕ್ಕೆಂದೇ ಆರು ಹಾಸಿಗೆಯ ಒಂದು ವಾರ್ಡು. ಹೊರಗಿನ ಬೆಂಚಿನಲ್ಲಿ ನಾವು ನಾಲ್ಕು ತಾಸು ಕೂತೆವು. ಅಲ್ಲಿ ಯಾರೂ ಯಾರನ್ನೂ ‘ಏನಾಗ್ಯದ್ರಿ’ ಎಂದು ಕೇಳುವುದಿಲ್ಲ. ಜ್ವರದ ವಾರ್ಡಿನ ಮುಂದೆ ಜನ ತಮ್ಮ ರೋಗವನ್ನು ಹಂಚಿಕೊಂಡು ತಿನ್ನುತ್ತಾರೆ. ಇಲ್ಲಿ ಎಲ್ಲರೂ ಎದುರಿನ ಗೋಡೆ ನೋಡುತ್ತಾರೆ. ಪ್ರಕಾಶ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದ. “ಯವ್ವಾ, ಗುರುತಿನವ್ರು ಯಾರಾದ್ರೂ ಕಂಡ್ರ ಕಣ್ಣಿನ ದವಾಖಾನಿಗೆ ಬಂದೀವಿ ಅನ್ನು” ಎಂದು ಪಿಸುಗುಟ್ಟಿದ.

ಡಾಕ್ಟರ್ ನಸೀಮಾ ಚಿಕ್ಕ ವಯಸ್ಸಿನವರು, ರಾಯಚೂರಿನವರೇ. ಎಲ್ಲ ಕೇಳಿ, “ಇದು ಓಸಿಡಿ ಅಮ್ಮಾರ, ಗೀಳಿನ ಬ್ಯಾನಿ” ಅಂದರು. ನಾನು ತಲೆ ತಗ್ಗಿಸಿದೆ. ಆ ಶಬ್ದ ನನಗೆ ಹೊಸದಲ್ಲ. ಲೇಡೀಸ್ ಕ್ಲಬ್ಬಿನಲ್ಲಿ, “ಐ ಆಮ್ ವೆರಿ ಓಸಿಡಿ ಅಬೌಟ್ ಮೈ ಟೀಕಪ್ಸ್” ಎಂದು ಎಷ್ಟು ಸಲ ನಗಿಸಿಲ್ಲ. ಅದರ ನಿಜವಾದ ಮುಖ ಡ್ರಿಪ್ ತೆಗೆದ ಕೈಗೆ ಪಟ್ಟಿ ಹಚ್ಚಿಕೊಂಡು ಪಕ್ಕದಲ್ಲಿ ಕೂತಿತ್ತು.

ಗಿರಿಜಾಗೆ ಪರೀಕ್ಷೆಯ ಪೇಪರಿನ ಕೆಲಸ, ಪ್ರಕಾಶನಿಗೆ ಮಿಲ್ಲು. ಅವಳ ಜೊತೆ ಉಳಿದವಳು ನಾನು. ಪಕ್ಕದ ಹಾಸಿಗೆಯಲ್ಲಿ ಹಿರೇಕೊಟ್ನೆಕಲ್‌ನ ಹನುಮವ್ವನ ಮಗಳು ಲಚುಮಿ, ಹನ್ನೆರಡರ ಹುಡುಗಿ. ತೊಳೆದು ತೊಳೆದು ಅವಳ ಕೈ ಸುಲಿದ ಗಜ್ಜರಿಯ ಹಾಗೆ ಕೆಂಪಗಿದ್ದವು. ಹನುಮವ್ವ ಭತ್ತದ ನಾಟಿಗೆ ಹೋಗುವವಳು. ಕೆಸರಿನ ಕೈ ಎಂದು ಎಂಟು ತಿಂಗಳಿಂದ ಮಗಳು ಅವಳಿಂದ ಮುಟ್ಟಿಸಿಕೊಂಡಿರಲಿಲ್ಲ. ನಾನು ಮೊದಲ ದಿನ ಸುಮ್ಮನೆ ಕೂತಿದ್ದನ್ನು ನೋಡಿ ಹನುಮವ್ವ ತಾನೇ ಬಂದು, “ಯಮ್ಮಾರ, ನಿಮ್ಮದು ಕೈಯಿಂದೋ ಬಾಯಿಂದೋ?” ಅಂದಳು.

“ಬಾಯಿದು” ಅಂದೆ.

“ಚಲೋ ಆತು ಬಿಡ್ರಿ. ಸಬಕಾರ ಉಳೀತು.”

ಎಷ್ಟೋ ವಾರದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಊಟದ ನಂತರದ ಹೊತ್ತು ಆ ವಾರ್ಡು ಬೇರೆಯದೇ ಲೋಕ. ಹೊರಗೆ ಬಿಳಿ ಬಿಸಿಲು, ಒಳಗೆ ಫ್ಯಾನಿನ ಸದ್ದು, ಆರು ಹಾಸಿಗೆ. ಯಾರೂ ಮಾತಾಡುವುದಿಲ್ಲ, ಆದರೆ ಆರೂ ಮಕ್ಕಳ ತುಟಿಗಳು ಅಲುಗುತ್ತವೆ. ಮಧ್ಯಾಹ್ನದ ಚಾಪೆಲ್‌ನಲ್ಲಿ ನಮ್ಮ ಸಿಸ್ಟರ್‌ಗಳು ಸಾಲಾಗಿ ಕೂತು ಸದ್ದಿಲ್ಲದೆ ಪ್ರಾರ್ಥಿಸುತ್ತಿದ್ದದ್ದು ನೆನಪಾಗುತ್ತಿತ್ತು. ಅವರು ಎದ್ದಾಗ ಮುಖ ಹಗುರವಾಗಿರುತ್ತಿತ್ತು. ಈ ಮಕ್ಕಳದು ಮುಗಿಯುತ್ತಲೇ ಇರಲಿಲ್ಲ. ಇವರೆಲ್ಲ ಸೇರಿ ಯಾರಿಗೆ ಹೇಳುತ್ತಿದ್ದಾರೆ, ಅಲ್ಲಿ ಕೇಳುತ್ತಿರುವವರು ಯಾರು ಎಂದು ಯೋಚಿಸುತ್ತಿದ್ದೆ.

ಗುಳಿಗೆ ಶುರುವಾಯಿತು. ಅದು ಕೆಲಸ ಮಾಡಲು ವಾರಗಳು ಬೇಕು. ಅದರ ಜೊತೆಗೆ ಇನ್ನೊಂದು ಚಿಕಿತ್ಸೆ, ಅದನ್ನು ಡಾಕ್ಟರ್ ‘ಮೆಟ್ಟಿಲು’ ಅನ್ನುತ್ತಿದ್ದರು. ಮೊದಲ ಮೆಟ್ಟಿಲು: ಅಜ್ಜಿ ವಾರ್ಡಿನಿಂದ ಹೊರಡುವಾಗ ತನ್ನ ಸ್ವಂತ ದನಿಯಲ್ಲಿ, ಒಂದೇ ಸಲ, ‘ಬರ್ತೀನಿ’ ಅನ್ನುವುದು. ಎರಡನೆಯದು: ಏನೂ ಅನ್ನದೆ ಹೋಗುವುದು. ಕೊನೆಯದು: ‘ಹೋಗ್ತೀನಿ’ ಎಂದು ಹೋಗುವುದು. ಆಗ ಭೂಮಿ ನನ್ನನ್ನು ಕರೆಯಬಾರದು. ಹೆದರಿಕೆ ಏರಿ, ನಿಂತು, ತಾನಾಗಿ ಇಳಿಯುವ ತನಕ ಡಾಕ್ಟರ ಪಕ್ಕ ಕೂತು, “ಅಜ್ಜಿ ಬಂದರೂ ಬರಬಹುದು, ಬರದೆಯೂ ಇರಬಹುದು” ಎಂದುಕೊಳ್ಳಬೇಕು.

ಹನುಮವ್ವ ಹೌಹಾರಿದಳು. “ಇದೇನ್ರಿ ಡಾಕ್ಟರಮ್ಮಾ, ಔಷಧನೋ ಶಾಪನೋ?”

“ನಿನ್ನ ಲಚುಮಿ ನಾಳಿ ಕೆಸರು ಮುಟ್ಟಬೇಕು ಹನುಮವ್ವ” ಅಂದರು ಡಾಕ್ಟರ್ ನಗುತ್ತಾ. “ಅವಾಗ ನಂಗ ಬೈಯಿ.”

“ಬರ್ತಾರ ಅಂತ ಸಮಾಧಾನ ಹೇಳಬಾರದೇನ್ರಿ?” ಎಂದು ಕೇಳಿದೆ.

“ಎಷ್ಟು ಸಲ ಹೇಳೀರಿ ಇಲ್ಲಿತನ? ಸಾವಿರ? ಹೊಟ್ಟಿ ತುಂಬ್ಯಾದೇನ್ರಿ ಅದರದು?”

ತುಂಬಿರಲಿಲ್ಲ.

ಮೊದಲ ಮೆಟ್ಟಿಲಿಗೇ ನಾಲ್ಕು ದಿನ ಹಿಡಿಯಿತು. ಭೂಮಿ ನನ್ನ ಸೆರಗು ಹಿಡಿದು ನೇತಾಡಿದಳು, ಒಂದು ಸಲ ಕಚ್ಚಿದಳು. ಎರಡನೆಯದಕ್ಕೆ ನಾನೇ ಕಳ್ಳತನ ಮಾಡಿದೆ. ಏನೂ ಅನ್ನದೆ ಹೋಗಬೇಕಾದವಳು ಬಾಗಿಲಲ್ಲಿ ತಿರುಗಿ, “ಸೀ ಯು, ಡಾರ್ಲಿಂಗ್” ಅಂದೆ. ಡಾಕ್ಟರ್ ಬೆರಳು ಎತ್ತಿದರು. “ಅಮ್ಮಾರ, ಇಂಗ್ಲಿಷ್‌ನಾಗ ಅಡಗಿಸಿಟ್ಟುಕೊಂಡು ಒಯ್ಯಬ್ಯಾಡ್ರಿ. ಅದೂ ಎಣಿಕಿಗೆ ಬರ್ತದ.”

ಕೊನೆಯ ಮೆಟ್ಟಿಲಿನ ದಿನ ನಾನು ಬೆಳಗಿನಿಂದ ಊಟ ಮಾಡಿರಲಿಲ್ಲ. ಹನ್ನೊಂದು ಗಂಟೆಗೆ ಬಾಗಿಲ ಬಳಿ ನಿಂತು, ಅತ್ತೆ ನನ್ನ ಬಾಯಿ ಮುಚ್ಚಿ ನಲವತ್ತೆಂಟು ವರ್ಷದ ಮೇಲೆ, “ಭೂಮಿ, ಹೋಗ್ತೀನಿ” ಅಂದೆ. ತುಟಿಗೆ ಜೋಳದ ಹಿಟ್ಟಿನ ರುಚಿ ಬಂತು, ನಂಬಿದರೆ ನಂಬಿ. ಅವಳ ಮುಖ ಬಿಳಿಚಿತು. ನನ್ನನ್ನು ಕರೆಯಲಿಲ್ಲ. ನಾನು ಹೊರಗೆ ಬಂದು ಬಾಗಿಲು ಮುಚ್ಚಿದೆ.

ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ನಡೆದೆ. ಆಮೇಲೆ ನಿಂತು, ಯಾರಿಗೂ ಕೇಳದ ಹಾಗೆ, ಒಂದು ಸಣ್ಣ ಕೆಮ್ಮು ಕೆಮ್ಮಿ, “ಬ...ರ್ತೀನಿ” ಅಂದುಕೊಂಡೆ. ಅವರ ದನಿಯಲ್ಲಿ. ಎದೆ ಹಗುರವಾಯಿತು. ತಲೆ ಎತ್ತಿದರೆ ವಾರ್ಡಿನ ಗೋಡೆಯ ಗಾಜಿನ ಕಿಟಕಿ. ಗಾಜಿನ ಆಚೆ ಭೂಮಿ. ಅವಳು ಈ ಸಲ ನನ್ನ ಭುಜದ ಹಿಂದೆ ನೋಡುತ್ತಿರಲಿಲ್ಲ. ನೇರವಾಗಿ ನನ್ನ ತುಟಿ ನೋಡುತ್ತಿದ್ದಳು.

ಅವತ್ತು ಅವಳು ಏನೂ ತಿನ್ನಲಿಲ್ಲ. ನಾನು ಒಳಗೆ ಬಂದಾಗ ಗೋಡೆಗೆ ಮುಖ ಮಾಡಿ ಮಲಗಿದ್ದಳು. “ನಿನ್ನ ತುಟಿ ಅಲುಗಿತು ಅಜ್ಜಿ” ಅಂದಳು. “ನೀನೂ ನಂಬ್ತಿ. ಎಲ್ಲಾರೂ ನಂಬ್ತೀರಿ. ನನ್ನೊಬ್ಬಾಕಿನ್ನೇ ಯಾಕ ಮಲಗಿಸೀರಿ ಇಲ್ಲಿ?”

ಡಾಕ್ಟರ ರೂಮಿಗೆ ಹೋಗಿ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅಂಗಳದಲ್ಲಿ ಅತ್ತ ಸುಳ್ಳು, ಮಾಡಿ ತೋರಿಸಿದ ದನಿ, ಎಂಟೂವರೆಗಾಗಿ ಕಾಯುತ್ತಿದ್ದದ್ದು. “ಅವಳಿಗೆ ಗುಣವಾದರೆ ಆ ದನಿ ನಿಲ್ಲುತ್ತದೆ ಡಾಕ್ಟರ್. ಐ ಡಿಡ್ ನಾಟ್ ವಾಂಟ್ ಇಟ್ ಟು ಸ್ಟಾಪ್.” ಡಾಕ್ಟರ್ ನನಗೆ ಬೈಯಲಿಲ್ಲ. ನೀರು ಕೊಟ್ಟರು. ನಾನು ಕುಡಿದ ಮೇಲೆ, “ಮಾಸ್ತರು ಹೋದ ದಿನ ನೀವು ತಿರುಗಿ ಏನಂದಿದ್ರಿ?” ಎಂದು ಕೇಳಿದರು.

ಯಾರೂ ಅದನ್ನು ಕೇಳಿರಲಿಲ್ಲ. ಅವರು ಕೆಮ್ಮಿ ‘ಬರ್ತೀನಿ’ ಅಂದಾಗ ನಾನು ಪೇಪರ್ ಓದುತ್ತಿದ್ದೆ. ತಲೆ ಎತ್ತಿರಲಿಲ್ಲ. ‘ಹೋಗಿ ಬರ್ರಿ’ ಅಂದಿರಲಿಲ್ಲ. “ಹ್ಞೂಂ” ಅಂದಿದ್ದೆ.

“ಅದನ್ನ ಭೂಮಿಗೆ ಹೇಳ್ರಿ” ಅಂದರು ಡಾಕ್ಟರ್. “ಸಮಾಧಾನ ಮಾಡಾಕಲ್ಲ. ನೀವೂ ಇದೇ ಬೆಂಚಿನಾಗ ಕುಂತೀರಿ ಅಂತ ಗೊತ್ತಾಗಲಿ.”

ಹೇಳಿದೆ. ಗೋಡೆಯ ಕಡೆ ತಿರುಗಿದ್ದ ಬೆನ್ನಿಗೇ ಹೇಳಿದೆ. ಆಮೇಲೆ ಭೂಮಿ ಈ ಕಡೆ ತಿರುಗಿ, “ನಾಳಿ ಇಬ್ರೂ ಕೂಡಿ ಮಾಡೋಣು. ನೀ ತುಟಿ ಕಚಗೊಂಡು ಹೋಗು. ನಾ ನೋಡತಿರ್ತೀನಿ” ಅಂದಳು. ಹದಿಮೂರು ವರ್ಷದ ಹುಡುಗಿ ನನಗೆ ಷರತ್ತು ಹಾಕುತ್ತಿದ್ದಳು, ಎಷ್ಟೋ ತಿಂಗಳ ಮೇಲೆ ಅವಳದೇ ದನಿಯಲ್ಲಿ.

ಮರುದಿನ ‘ಹೋಗ್ತೀನಿ’ ಅಂದು ಗಾಜಿನ ಮುಂದೆ ತುಟಿ ಕಚ್ಚಿಕೊಂಡೇ ನಡೆದೆ. ಆಸ್ಪತ್ರೆಯ ಗೇಟಿನ ಆಚೆ ಬೇವಿನ ಮರದ ಕೆಳಗೊಂದು ಚಹಾದ ಅಂಗಡಿ. ಅಲ್ಲಿ ಕೂತೆ. ಇಲ್ಲಿ ನಾನು ಸತ್ತರೆ? ಈ ಬೆಂಚಿನ ಮೇಲೆ, ಗ್ಲಾಸು ಎರಡೂ ಕೈಯಲ್ಲಿ ಹಿಡಿದುಕೊಂಡು? ಕೆಮ್ಮು ಗಂಟಲಿನ ತನಕ ಬಂತು, ನಿಜವಾದ ಕೆಮ್ಮೂ ಅಲ್ಲ, ಅವರದೂ ಅಲ್ಲ. ನುಂಗಿದೆ. ರಸ್ತೆಯಲ್ಲಿ ದೇವದುರ್ಗದ ಬೋರ್ಡು ಹಾಕಿಕೊಂಡ ಬಸ್ಸೊಂದು ನಿಧಾನವಾಗಿ ಹೋಯಿತು. ಕಿಟಕಿ ಪಕ್ಕ ಬಿಳಿ ಅಂಗಿಯ ಮುದುಕರೊಬ್ಬರು ತಲೆ ಗಾಜಿಗೆ ಆನಿಸಿ ಕಣ್ಣು ಮುಚ್ಚಿದ್ದರು. ನಾನು ಎದ್ದು ನಿಂತುಬಿಟ್ಟೆ. ಬಸ್ಸು ತಿರುವಿನಲ್ಲಿ ಕುಲುಕಿತು, ಅವರು ಕಣ್ಣು ಬಿಟ್ಟು, ಬಾಯಿ ಒರೆಸಿಕೊಂಡು, ನನ್ನನ್ನೇ ನೋಡಿದರು. ಕೂತೆ. ಚಹಾ ತಣ್ಣಗಾಗಿತ್ತು. ಕುಡಿದೆ.

ಮುಕ್ಕಾಲು ತಾಸಿನ ಮೇಲೆ ಒಳಗೆ ಹೋದರೆ ಭೂಮಿ ಹಾಸಿಗೆಯ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದಳು. ಮೈಯೆಲ್ಲ ಬೆವರು. ಆಚೆ ಹಾಸಿಗೆಯಲ್ಲಿ ಹನುಮವ್ವ ಉಸಿರು ಬಿಗಿಹಿಡಿದು ಮಗಳ ತಲೆ ಬಾಚುತ್ತಿದ್ದಳು, ಎಂಟು ತಿಂಗಳ ಮೇಲೆ ಮೊದಲ ಸಲ. ಲಚುಮಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು, ಆದರೆ ಏಳಲಿಲ್ಲ. ನನ್ನನ್ನು ನೋಡಿ ಹನುಮವ್ವ ಹಣಿಗೆಯನ್ನು ಧ್ವಜದ ಹಾಗೆ ಎತ್ತಿ ತೋರಿಸಿದಳು.

“ಬಂದ್ಯಲ್ಲಾ” ಅಂದಳು ಭೂಮಿ.

“ಬಂದೆ” ಅಂದೆ. ಅದಕ್ಕಿಂತ ಹೆಚ್ಚಿಗೆ ಹೇಳಬಾರದು ಎಂದು ಡಾಕ್ಟರ್ ತಾಕೀತು ಮಾಡಿದ್ದರು. ಹೇಳಲಿಲ್ಲ.

ನಾಲ್ಕು ವಾರದ ಮೇಲೆ ಮನೆಗೆ ಬಂದೆವು. ಕಾಯಿಲೆ ಗಂಟುಮೂಟೆ ಕಟ್ಟಿಕೊಂಡು ಹೋಗಿಬಿಟ್ಟಿತು ಅಂತಲ್ಲ. ಗುಳಿಗೆ ಇನ್ನೂ ಇದೆ, ಡಾಕ್ಟರ್ ಹತ್ತಿರ ಹೋಗುವುದೂ ಇದೆ. ಪರೀಕ್ಷೆ ಹತ್ತಿರವಾದಾಗ, ಯಾರಿಗಾದರೂ ಜ್ವರ ಬಂದಾಗ ಅದು ಬಾಗಿಲಿಗೆ ಬಂದು ನಿಲ್ಲುತ್ತದೆ. ಭೂಮಿಗೆ ಅದರ ಗುರುತು ಸಿಗುತ್ತದೆ. “ಅಜ್ಜಿ, ಬಂದದ ನೋಡು” ಅನ್ನುತ್ತಾಳೆ. “ಕುಂದ್ರಲಿ ಬಿಡು” ಅನ್ನುತ್ತೇನೆ.

ಮನೆಗೆ ಬಂದ ಮೊದಲ ಬೆಳಿಗ್ಗೆ ಎಂಟೂವರೆಗೆ ಪ್ರಕಾಶ ತನ್ನ ದನಿಯಲ್ಲಿ ಏನೋ ಅಂದು, ಚಿಲಕ ಹಾಕಿ ಹೋದ. ಟಣಕ್. ಒಂದೇ ಸಲ. ಮನೆ ಎಷ್ಟು ಸುಮ್ಮನಾಯಿತೆಂದರೆ, ಕಂಬಿಯ ಗುಂಯ್‌ಗುಡುವಿಕೆ ನಿಲ್ಲುವುದೂ ಕೇಳಿಸಿತು. ಅವತ್ತು ನಾನು ಎರಡನೇ ಸಲ ವಿಧವೆಯಾದೆ. ಗಿರಿಜಾ ಅಡುಗೆಮನೆಯಿಂದ ನೋಡಿ, ಬಂದು, ಪಕ್ಕದಲ್ಲಿ ಕೂತಳು. “ಅತ್ತಿ, ಚಹಾ ಮಾಡ್ಲೇನು?” ಅಂದಳು. ಕಾನ್ವೆಂಟಿನ ಕರ್ಚೀಫು ಕೈಗೆ ಸಿಗಲಿಲ್ಲ. ಜೋರಾಗಿಯೇ ಅತ್ತೆ. ಈ ಸಲ ಯಾವ ಸಾಲೂ ಕಟ್ಟಲಿಲ್ಲ.

ನಿಮ್ಮ ಮನೆಯಲ್ಲೂ ಒಂದು ಮಗು ಒಂದು ಮಾತನ್ನು ಹತ್ತು ಸಲ ಅನ್ನಿಸುತ್ತಿದ್ದರೆ, ನೀವು ಪ್ರೀತಿಯಿಂದ ಹತ್ತು ಸಲ ಅನ್ನುತ್ತಿದ್ದರೆ, ಎಣ್ಣೆ ಮಾರುವ ಮುದುಕಿಯ ಮಾತನ್ನು ನನಗಿಂತ ಮೊದಲು ಕೇಳಿ.

ಈ ಜೂನಿನಲ್ಲಿ ಭೂಮಿ ರಾಯಚೂರಿನಲ್ಲಿ ಪಿಯುಸಿಗೆ ಸೇರಿದಳು, ಸೈನ್ಸು, ಹಾಸ್ಟೆಲಿನಲ್ಲಿ. ಹೊರಡುವ ದಿನ ಪ್ರಕಾಶ ಟ್ರಂಕನ್ನು ಆಟೋದಲ್ಲಿಟ್ಟು ಕೂತಿದ್ದ. ನಾನು ಮೊಣಕಾಲಿನ ನೋವಿಗೆ ಕುರ್ಚಿಯಲ್ಲೇ ಇದ್ದೆ, ಆದರೆ ಪೇಪರ್ ಮಡಚಿ ಕೆಳಗಿಟ್ಟಿದ್ದೆ. ಅವಳು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ನೇರವಾಗಿ ನನ್ನ ಮುಖ ನೋಡಿದಳು. ನನ್ನ ಹಿಂದಿನ ಗೋಡೆಯನ್ನಲ್ಲ.

“ಅಜ್ಜಿ, ಹೋಗ್ತೀನಿ” ಅಂದಳು. ತುಟಿಯ ಒಂದು ಮೂಲೆ ಮೇಲಕ್ಕೆ ಹೋಗಿತ್ತು.

ಹೇಳಬೇಕಾದ ಎಲ್ಲ ಮಾತುಗಳು ನನ್ನ ಹಲ್ಲಿನ ಹಿಂದೆ ಸಾಲುಗಟ್ಟಿ ನಿಂತವು. ತುಟಿ ಕಚ್ಚಿಕೊಂಡೆ. ಅದನ್ನು ಅವಳು ನೋಡಿದಳು, ನೋಡಿದ್ದನ್ನು ನಾನೂ ನೋಡಿದೆ.

“ಹೋಗು” ಅಂದೆ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಅದು. ಇವತ್ತಿಗೆ ಹತ್ತೊಂಬತ್ತು ದಿನ. ಮತ್ತೆ ನೋಡುತ್ತೇನೋ ಇಲ್ಲವೋ, ಆ ವಾಕ್ಯವನ್ನು ನಾನು ಮುಗಿಸುವುದಿಲ್ಲ. ಅದು ಹಾಗೇ ಕೂತಿರಲಿ. ಜಡೆ ಅತ್ತಿತ್ತ ಆಡಿಸುತ್ತಾ ಅಂಗಳ ದಾಟಿದಳು, ಗೇಟು ತೆರೆದು ಹೊರಗೆ ಹೋಗಿ, ತಿರುಗಿ ನೋಡದೆಯೇ ಕೈ ಹಿಂದೆ ಮಾಡಿ ಎಳೆದುಕೊಂಡಳು. ಟಣಕ್ ಅಂತು. ನಾನು ಒಂದು ಅಂತ ಎಣಿಸಿದೆ. ಕಂಬಿಗಳು ಗುಂಯ್ ಅಂದು ಸುಮ್ಮನಾದವು. ಆಟೋ ಹೋದದ್ದು ಕೇಳಿಸಿತು.